ಹಳೇ ಮಾರುತಿ 800: ಬ್ರೇಕ್ ಹಿಡಿದರೆ ಮುಂದೆ ‘ಟಕ್’, ಸಸ್ಪೆನ್ಶನ್ ಮನೆಯಂಗಳದಲ್ಲೇ ಬಿಚ್ಚಬಹುದಾ?

ಕಿನ್ನಿಮೂಲ್ಕಿ_800

ನಮಸ್ಕಾರ. ಕಾರು 1989ರ ಮಾರುತಿ 800, ಕಾರ್ಬುರೇಟರ್, ನಾಲ್ಕು ಗೇರಿನದ್ದು. ಬಾಡಿ, ಇಂಜಿನ್ ಚೆನ್ನಾಗಿ ಉಂಟು. ಮುಂದಿನ ಸಸ್ಪೆನ್ಶನ್ ಮಾತ್ರ ಕೈಕೊಟ್ಟಿದೆ. ಲಕ್ಷಣ ಇಷ್ಟು:

ಬ್ರೇಕ್ ಒತ್ತಿದ ಕೂಡಲೇ ಎಡಗಡೆಯಿಂದ ಒಂದು ‘ಟಕ್’, ಕಾಲು ತೆಗೆದಾಗ ಮತ್ತೊಂದು. ಬ್ರೇಕ್ ಹಿಡಿದಷ್ಟು ಹೊತ್ತು ಕಾರು ಸ್ವಲ್ಪ ಎಡಕ್ಕೆ ಎಳೆಯುತ್ತದೆ. ನಿಂತಲ್ಲೇ ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಬಲಗಡೆ ಬಾನೆಟ್ ಒಳಗಿಂದ ‘ಟಂಗ್’ ಅಂತ ಸ್ಪ್ರಿಂಗ್ ಹಾರಿದ ಹಾಗೆ ಶಬ್ದ. ಹಂಪ್ ಇಳಿದ ಮೇಲೆ ಮೂತಿ ಎರಡು ಮೂರು ಸಲ ತೂಗುತ್ತದೆ. ಎಡ ಟಯರಿನ ಒಳಅಂಚು ಬೇಗ ಸವೆಯುತ್ತಾ ಉಂಟು.

ಗ್ಯಾರೇಜಿನಲ್ಲಿ ‘ಎರಡೂ ಶಾಕ್ ಹಾಕಿದ್ರೆ ಎಲ್ಲ ಸರಿಯಾಗ್ತದೆ’ ಅಂತಾರೆ. ನನಗೆ ಅದು ಪೂರ್ತಿ ನಂಬಿಕೆ ಬರ್ಲಿಲ್ಲ. ಕೆಲಸ ನಾನೇ ಮಾಡ್ಬೇಕು ಅಂತ ಆಸೆ. ಎರಡು ಟನ್ನಿನ ಹೈಡ್ರಾಲಿಕ್ ಜಾಕ್, ಸಾಕೆಟ್ ಸೆಟ್, ರಿಂಗ್ ಸ್ಪ್ಯಾನರ್, ಒಂದು ಬೆಂಚ್ ವೈಸ್ ಉಂಟು. ಜಾಕ್ ಸ್ಟ್ಯಾಂಡ್ ಇಲ್ಲ, ಕೆಂಪು ಕಲ್ಲು ಬೇಕಾದಷ್ಟು ಉಂಟು. ಅಂಗಳಕ್ಕೆ ಇಂಟರ್‌ಲಾಕ್ ಹಾಕಿದೆ.

ಕೇಳ್ಬೇಕಾದ್ದು: ಯಾವ ಯಾವ ಪಾರ್ಟ್ ಎಷ್ಟೆಷ್ಟು ತರ್ಬೇಕು? ಸ್ಪ್ರಿಂಗ್ ಕಂಪ್ರೆಸರ್ (ಸ್ಪ್ರಿಂಗನ್ನು ಒತ್ತಿ ಹಿಡಿಯುವ ಉಪಕರಣ) ಇಲ್ಲದೆ ಆಗ್ತದಾ? ಆಮೇಲೆ ಅಲೈನ್‌ಮೆಂಟ್ ಅಂಗಡಿಯವರೆಗೆ ಓಡಿಸಿಕೊಂಡು ಹೋಗ್ಬಹುದಾ?

---

ಹದಿನೇಳರ ಸ್ಪ್ಯಾನರ್ (ಬಿಜೈ, ಮಂಗಳೂರು)

ಮೊದಲು ಕೆಂಪು ಕಲ್ಲಿನ ಯೋಚನೆ ಬಿಡಿ ಮಾರಾಯ್ರೆ. ಗೋಡೆಯಲ್ಲಿ ಅದರ ಮೈಮೇಲೆಲ್ಲ ಭಾರ ಹರಡಿರ್ತದೆ. ಕಾರಿನ ಅಡಿಯ ಕಬ್ಬಿಣದ ಅಂಚು ಒಂದೇ ಗೆರೆಯಲ್ಲಿ ಕೂತರೆ ಅದು ಪುಡಿಯಾಗ್ತದೆ, ಇಲ್ಲದಿದ್ದರೆ ಸೂಚನೆಯೇ ಕೊಡದೆ ಸೀಳ್ತದೆ. ಸಿಮೆಂಟಿನ ಟೊಳ್ಳು ಬ್ಲಾಕೂ ಬೇಡ. ಒಂದು ಜೊತೆ ಜಾಕ್ ಸ್ಟ್ಯಾಂಡ್ ತನ್ನಿ, ಆಮೇಲೆ ಉಳಿದ ಮಾತು. ಇಂಟರ್‌ಲಾಕ್ ಅಡಿಯಲ್ಲಿ ಬರೀ ಎಂಸ್ಯಾಂಡ್ ಇರ್ತದೆ, ಸ್ಟ್ಯಾಂಡಿನ ಒಂದು ಕಾಲು ಇಳಿದರೆ ಸಾಕು ಕಾರು ವಾಲ್ತದೆ. ಪ್ರತಿ ಸ್ಟ್ಯಾಂಡಿನ ಅಡಿಗೆ ಒಂದು ಅಡಿ ಚದರದ ದಪ್ಪ ಹಲಗೆಯೋ 18 ಮಿಮೀ ಪ್ಲೈವುಡ್ಡೋ ಕೊಡಿ.

ಈಗ ಶಬ್ದದ ವಿಷಯ. ಎಲ್ಲ ಶಾಕಿನಿಂದಲೇ ಅಂದವರು ಅರ್ಧ ಸರಿ. ಹಂಪಿನ ನಂತರ ತೂಗುವುದು ಸ್ಟ್ರಟ್ (ಸ್ಪ್ರಿಂಗಿನೊಳಗೆ ಕೂತ ಶಾಕ್) ಸೋತದ್ದಕ್ಕೆ. ಬ್ರೇಕಿನ ‘ಟಕ್’ ಬೇರೆ ಕಡೆಯದ್ದು.

ಈ ಕಾರಿನ ಲೋವರ್ ಆರ್ಮ್ (ಚಕ್ರವನ್ನು ಅಡಿಯಿಂದ ಬಾಡಿಗೆ ಹಿಡಿದಿಡುವ ಕಬ್ಬಿಣದ ತೋಳು) ನೋಡಿ. ಒಳತುದಿಯಲ್ಲಿ ಒಂದೇ ಬುಷ್, ಹೊರತುದಿಯಲ್ಲಿ ಬಾಲ್ ಜಾಯಿಂಟ್. ಅಷ್ಟೇ ಇದ್ದರೆ ಚಕ್ರ ಹಿಂದೆ ಮುಂದೆ ಓಡದ ಹಾಗೆ ತಡೆಯುವವರು ಯಾರು? ಸ್ಟೆಬಿಲೈಸರ್ ಬಾರ್. ಅದರ ತುದಿ ಆರ್ಮಿನ ತೂತಿನ ಮೂಲಕ ಹಾದು ಎರಡೂ ಬದಿ ರಬ್ಬರ್ ಬುಷ್, ವಾಷರ್, ಕ್ಯಾಸಲ್ ನಟ್, ಸ್ಪ್ಲಿಟ್ ಪಿನ್ ಹಾಕಿ ಕೂತಿದೆ. ಬೇರೆ ಎಷ್ಟೋ ಕಾರುಗಳಲ್ಲಿ ಈ ಬಾರ್ ಬರೀ ತಿರುವಿನಲ್ಲಿ ಕಾರು ವಾಲದಂತೆ ನೋಡಿಕೊಳ್ಳುತ್ತದೆ, ಕಳಚಿಟ್ಟರೂ ಕಾರು ಓಡ್ತದೆ. ಇಲ್ಲಿ ಹಾಗಲ್ಲ. ಬ್ರೇಕ್ ಹಾಕಿದಾಗ ಚಕ್ರವನ್ನು ಹಿಂದಕ್ಕೆ ನೂಕುವ ಬಲ ಪೂರ್ತಿ ಈ ಎರಡು ರಬ್ಬರ್ ತುಂಡಿನ ಮೇಲೆ ಬೀಳ್ತದೆ. ಅವು ಸವೆದರೆ ಒತ್ತಿದಾಗ ಆರ್ಮ್ ಹಿಂದಕ್ಕೆ ಹೋಗಿ ‘ಟಕ್’, ಬಿಟ್ಟಾಗ ಮುಂದಕ್ಕೆ ಬಂದು ಇನ್ನೊಂದು ‘ಟಕ್’. ಆ ಹೊತ್ತಿಗೆ ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿದ ಕೋನ), ಟೋ (ಚಕ್ರದ ಮುಂಬದಿ ಒಳಕ್ಕೋ ಹೊರಕ್ಕೋ ತಿರುಗಿರುವುದು) ಎರಡೂ ಒಂದೇ ಬದಿಯಲ್ಲಿ ಬದಲಾಗ್ತದೆ, ಹಾಗಾಗಿ ಎಳೆತ. ನೀವು ಹೇಳಿದ್ದು ಅಕ್ಷರಶಃ ಇದೇ.

ಆದರೂ ಎಳೆತಕ್ಕೆ ಬ್ರೇಕೂ ಕಾರಣ ಆಗಿರ್ಬಹುದು, ಒಂದು ಬದಿಯ ಪಿಸ್ಟನ್ ಜಾಮ್ ಆಗಿದ್ದರೆ. ಸ್ವಲ್ಪ ಓಡಿಸಿ ನಿಲ್ಲಿಸಿ ಎರಡೂ ಚಕ್ರದ ಹತ್ತಿರ ಕೈ ಹಿಡಿದು ನೋಡಿ. ಒಂದು ಬದಿ ಎದ್ದು ಕಾಣುವಷ್ಟು ಬಿಸಿ ಇದ್ದರೆ ಬ್ರೇಕನ್ನು ಮೊದಲು ಸರಿ ಮಾಡಿ.

ಉಳಿದ ಪರೀಕ್ಷೆಗೆ ಎರಡೂ ಮುಂಚಕ್ರ ನೆಲ ಬಿಡುವ ಹಾಗೆ ಎತ್ತಿ, ಸ್ಟ್ಯಾಂಡ್ ಮೇಲೆ ಇಳಿಸಿ. ಟಯರನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ (ಸಡಿಲ) ಕಂಡರೆ ಇನ್ನೊಬ್ಬರು ಬ್ರೇಕ್ ಒತ್ತಲಿ. ಆಟ ನಿಂತರೆ ವೀಲ್ ಬೇರಿಂಗ್, ನಿಲ್ಲದಿದ್ದರೆ ಬಾಲ್ ಜಾಯಿಂಟ್. ಎಡ ಬಲ ಹಿಡಿದು ಅಲ್ಲಾಡಿಸಿದಾಗ ಆಟ ಇದ್ದರೆ ಟೈ ರಾಡ್ ಎಂಡ್ (ಸ್ಟೀರಿಂಗ್ ರ‍್ಯಾಕಿನಿಂದ ಚಕ್ರಕ್ಕೆ ಬರುವ ಸರಳಿನ ತುದಿ), ಅಲ್ಲದಿದ್ದರೆ ರ‍್ಯಾಕಿನ ಒಳಗಿನ ಜಾಯಿಂಟ್. ಎಂಡಿನ ಮೇಲೊಂದು ಕೈ ಇಟ್ಟರೆ ಯಾವುದು ಅಂತ ಬೆರಳಿಗೇ ಗೊತ್ತಾಗ್ತದೆ. ಬಾಲ್ ಜಾಯಿಂಟ್ ನೋಡುವಾಗ ಚಕ್ರ ನೇತಾಡ್ತಾ ಇರ್ಬೇಕು, ಆರ್ಮ್ ಅಡಿಗೆ ಜಾಕ್ ಕೊಟ್ಟು ನೋಡ್ಬೇಡಿ. ಸ್ಟೆಬಿಲೈಸರ್ ಬುಷ್‌ಗೆ ಆರ್ಮ್ ಮತ್ತು ಬಾರ್ ನಡುವೆ ಲಿವರ್ ಹಾಕಿ ಹಿಂದೆ ಮುಂದೆ ಮೀಟಿ. ಆರೋಗ್ಯದ ರಬ್ಬರ್ ಬಿಗಿಯಾಗಿ ಒತ್ತಿ ವಾಪಸ್ ಬರ್ತದೆ, ಸತ್ತದ್ದು ಲೊಡ್ಡ ಲೊಡ್ಡ.

ಬಲಗಡೆಯ ‘ಟಂಗ್’ ಸ್ಟ್ರಟ್ ಮೌಂಟಿಂಗ್‌ನ ಬೇರಿಂಗ್ ಹಿಡಿದುಕೊಂಡದ್ದು. ಸ್ಟ್ರಟ್ ತಿರುಗ್ತದೆ, ಮೇಲಿನ ಬೇರಿಂಗ್ ತಿರುಗುವುದಿಲ್ಲ, ಸ್ಪ್ರಿಂಗ್ ತಿರುಚಿಕೊಂಡು ಒಮ್ಮೆಲೇ ಬಿಟ್ಟುಕೊಳ್ತದೆ. ಕಾರು ನೆಲದ ಮೇಲಿರುವಾಗ ಸ್ಪ್ರಿಂಗಿಗೆ ಕೈ ತಾಗಿಸಿ ಇನ್ನೊಬ್ಬರ ಹತ್ತಿರ ಸ್ಟೀರಿಂಗ್ ತಿರುಗಿಸಲು ಹೇಳಿದರೆ ಖಚಿತ ಆಗ್ತದೆ.

ನಿಮ್ಮ ಕಾರಿಗೆ ತರಬೇಕಾದ್ದು: ಸ್ಟ್ರಟ್ 2 (ಒಂದೇ ಬದಿಗೆ ಹಾಕುವ ಪದ್ಧತಿ ಇಲ್ಲ), ಬೇರಿಂಗ್ ಸಹಿತ ಮೌಂಟಿಂಗ್ 2, ಬಂಪ್ ಸ್ಟಾಪ್ 2, ಧೂಳಿನ ಬೂಟ್ 2, ಬಾಲ್ ಜಾಯಿಂಟ್ ಸಹಿತ ಲೋವರ್ ಆರ್ಮ್ 2, ಆರ್ಮಿಗೆ ಕೂರುವ ಸ್ಟೆಬಿಲೈಸರ್ ಬುಷ್ ಎರಡೂ ಬದಿಯದ್ದು ಸೇರಿ 4 ತುಂಡು, ಬಾರನ್ನು ಬಾಡಿಗೆ ಹಿಡಿಯುವ ಕ್ಲಾಂಪಿನ ಬುಷ್ 2, ಟೈ ರಾಡ್ ಎಂಡ್ 2, ಸ್ಟ್ರಟ್ ಕೆಳಬೋಲ್ಟಿನ ನಟ್ 4 ಹೊಸತು, ಸ್ಪ್ಲಿಟ್ ಪಿನ್ ಒಂದು ಡಜನ್. ಸ್ಪ್ರಿಂಗ್ ತುಂಡಾಗಿರದಿದ್ದರೆ, ಎರಡೂ ಬದಿ ಎತ್ತರ ಒಂದೇ ಇದ್ದರೆ ಹಳೆಯದ್ದೇ ಸಾಕು.

ಇದೇ ಬಾಡಿ 1986ರಿಂದ 2014ರ ತನಕ ಬಂದ ಕಾರಣ ಪಾರ್ಟಿಗೆ ಬರ ಇಲ್ಲ. ಆದರೆ ನಡುವೆ ಸಣ್ಣ ಪುಟ್ಟ ಬದಲಾವಣೆ ಆಗಿರ್ತದೆ, ಅಂಗಡಿಗೆ ಹೋಗುವಾಗ ಚಾಸಿ ನಂಬರ್ ಮತ್ತು ಸಾಧ್ಯವಾದರೆ ಹಳೇ ಪಾರ್ಟ್ ಕೈಯಲ್ಲಿರಲಿ. 1983ರಿಂದ 86ರ ಎಸ್‌ಎಸ್80 (ಮೊದಲ ಮಾದರಿಯ 800) ಇರುವವರು ಈ ಪಟ್ಟಿ ನೋಡಿ ತರ್ಲಿಕ್ಕೆ ಹೋಗ್ಬೇಡಿ, ಅದು ಬೇರೆ ಕಾರು. ಸ್ಟ್ರಟ್ ಮಾರುತಿಯದ್ದೇ ಅಥವಾ ಗೇಬ್ರಿಯೆಲ್ ತನ್ನಿ. ಹೆಸರಿಲ್ಲದ ಬುಷ್ ಮಾತ್ರ ತರ್ಬೇಡಿ. ಪುನಃಬಳಕೆ ರಬ್ಬರಿನದ್ದು ಒಂದೇ ಮಳೆಗಾಲದಲ್ಲಿ ಬಿರುಕು ಬಿಡ್ತದೆ.

---

ಗ್ರೀಸ್ ಕೈ (ಸುರತ್ಕಲ್)

ಮೇಲಿನವರು ಹೇಳಿದ್ದಕ್ಕೆ ನನ್ನದೂ ಒಪ್ಪಿಗೆ. ಕೆಲಸದ ಕ್ರಮ ನಾನು ಬರೀತೇನೆ. ಹೆಚ್ಚಿನ ಬೋಲ್ಟು 12, 14, 17, 19ರಲ್ಲಿ ಮುಗೀತದೆ.

ಚಕ್ರದ ನಟ್‌ಗಳನ್ನು ಕಾರು ನೆಲದ ಮೇಲಿರುವಾಗಲೇ ಅರ್ಧ ಸುತ್ತು ಸಡಿಲ ಮಾಡಿ. ಹಿಂಚಕ್ರಕ್ಕೆ ಎರಡೂ ಕಡೆ ಅಡ್ಡ ಕೊಡಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಈ ಕಾರಿನಲ್ಲಿ ಹ್ಯಾಂಡ್‌ಬ್ರೇಕ್ ಹಿಂದಕ್ಕೆ ಮಾತ್ರ, ಮೂತಿ ಎತ್ತಿದಾಗ ಅಡ್ಡ ಇಲ್ಲದಿದ್ದರೆ ಉರುಳುವ ಸಾಧ್ಯತೆ ಇದೆ. ಎರಡೂ ಬದಿ ಒಟ್ಟಿಗೆ ಎತ್ತಿ. ಒಂದೇ ಬದಿ ಎತ್ತಿದರೆ ಸ್ಟೆಬಿಲೈಸರ್ ಬಾರ್ ತಿರುಚಿಕೊಂಡಿರ್ತದೆ, ನಟ್ ಬಿಚ್ಚಿದ ಕೂಡಲೇ ಬಾರ್ ಹಾರಿ ಕೈಗೆ ಬಡೀತದೆ. ಪುನಃ ಹಾಕುವಾಗ ತೂತಿಗೆ ಸೇರುವುದೂ ಇಲ್ಲ.

ಟೈ ರಾಡ್ ಎಂಡ್‌ನಿಂದ ಶುರು. ಲಾಕ್‌ನಟ್ ಎಲ್ಲಿ ಕೂತಿದೆ ಎಂದು ದಾರದ (ಥ್ರೆಡ್) ಮೇಲೆ ಬಿಳಿ ಪೈಂಟಿನ ಗುರುತು ಹಾಕಿ. ಸ್ಪ್ಲಿಟ್ ಪಿನ್ ತೆಗೆದು ಕ್ಯಾಸಲ್ ನಟ್ ಬಿಚ್ಚಿ, ತುದಿಗೆ ಸಮ ಬರುವವರೆಗೆ ಮಾತ್ರ. ಪೂರ್ತಿ ತೆಗೆದು ಸುತ್ತಿಗೆಯಿಂದ ಹೊಡೆದರೆ ದಾರ ಹಾಳು. ಪುಲ್ಲರ್ ಇಲ್ಲದಿದ್ದರೆ ನಕಲಿನ (ಸ್ಟೀರಿಂಗ್ ನಕಲ್, ಚಕ್ರದ ಹಬ್ಬನ್ನು ಹೊತ್ತ ಕಬ್ಬಿಣದ ತುಂಡು) ಕಣ್ಣಿನ ಎರಡೂ ಪಕ್ಕಕ್ಕೆ ಎರಡು ಸುತ್ತಿಗೆ ಹಿಡಿದು ಒಟ್ಟಿಗೆ ಒಂದು ಬಿಗಿಯಾದ ಪೆಟ್ಟು ಕೊಡಿ, ಟೇಪರ್ ಬಿಟ್ಟುಕೊಡ್ತದೆ. ಕವಲು ಆಕಾರದ ಬೆಣೆ ಹೊಡೆದರೆ ರಬ್ಬರ್ ಬೂಟ್ ಹರೀತದೆ. ಎಂಡ್ ಹೇಗೂ ಬದಲಿಸುವುದಾದರೆ ಅಡ್ಡಿಯಿಲ್ಲ. ಹೊರತೆಗೆಯುವಾಗ ಎಷ್ಟು ಸುತ್ತು ಬಂತು ಎಂದು ಎಣಿಸಿ, ಹೊಸದ್ದು ಅಷ್ಟೇ ಸುತ್ತು ಒಳಗೆ ಹೋಗಲಿ.

ಆಮೇಲೆ ಸ್ಟೆಬಿಲೈಸರ್ ತುದಿ. ಬಿಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ ತೆಗೆಯಿರಿ. ವಾಷರ್ ಯಾವ ಮುಖ ಯಾವ ಕಡೆಗೆ ಇತ್ತು ಎಂಬುದು ಮುಖ್ಯ, ತಿರುಗಾಮುರುಗಾ ಹಾಕಿದರೆ ಅದರ ಅಂಚು ಹೊಸ ಬುಷ್ಷನ್ನು ಕತ್ತರಿಸ್ತದೆ. ನಟ್ ತೆಗೆದು, ಬಾಡಿ ಕಡೆಯ ಕ್ಲಾಂಪ್ ಬೋಲ್ಟ್ ಸಡಿಲ ಮಾಡಿದರೆ ಬಾರಿಗೆ ಆಟ ಸಿಗ್ತದೆ.

ಬಾಲ್ ಜಾಯಿಂಟ್ ನಕಲಿಗೆ ಕೂತಿರುವುದು ಅಡ್ಡ ಬೋಲ್ಟಿನಿಂದ. ಆ ಬೋಲ್ಟ್ ಬಾಲ್ ಸ್ಟಡ್ಡಿನ ತೋಡಿನಲ್ಲಿ ಹಾದು ಹೋಗ್ತದೆ, ಸಡಿಲ ಮಾಡಿದರೆ ಸಾಲದು, ಪೂರ್ತಿ ಹೊರಗೆ ಬರ್ಬೇಕು. ಸೀಳಿಗೆ ಚಪ್ಪಟೆ ಸ್ಕ್ರೂಡ್ರೈವರ್ ಹಾಕಿ ಕೂದಲಿನಷ್ಟು ಅಗಲ ಮಾಡಿ ಆರ್ಮನ್ನು ಕೆಳಗೆ ಒತ್ತಿ. ಒಳಗಿನ ಬೋಲ್ಟ್ ತೆಗೆದರೆ ಆರ್ಮ್ ಬಾರಿನಿಂದ ಜಾರಿ ಕೈಗೆ ಬರ್ತದೆ. ಇಲ್ಲಿ ಜಾಗ್ರತೆ: ನಕಲ್ ಹೊರಕ್ಕೆ ವಾಲಿದರೆ ಡ್ರೈವ್ ಶಾಫ್ಟಿನ ಒಳಜಾಯಿಂಟ್ ಕಳಚಿಕೊಳ್ತದೆ. ಕಳಚಿದರೆ ಬೂಟ್ ಬಿಚ್ಚಿ ಗ್ರೀಸ್ ತುಂಬುವ ಹೊಸ ಕೆಲಸ. ಜಿಐ ತಂತಿಯಿಂದ ನಕಲನ್ನು ಮೇಲಕ್ಕೆ ಕಟ್ಟಿಡಿ. ಬ್ರೇಕ್ ಹೋಸ್ ಮೇಲೆ ಭಾರ ನೇತಾಡುವುದು ಬೇಡವೇ ಬೇಡ.

ಸ್ಟ್ರಟ್ ತೆಗೆಯುವುದು ಎಲ್ಲಕ್ಕಿಂತ ಸುಲಭ. ಬ್ರೇಕ್ ಹೋಸನ್ನು ಸ್ಟ್ರಟ್ಟಿನ ಬ್ರಾಕೆಟ್ಟಿಗೆ ಹಿಡಿದ ‘ಇ’ ಕ್ಲಿಪ್ ತೆಗೆದು ಹೋಸ್ ಬಿಡಿಸಿ, ಪೈಪ್ ಬಿಚ್ಚುವ ಅಗತ್ಯ ಇಲ್ಲ, ಬ್ಲೀಡಿಂಗೂ ಬೇಡ. ಕೆಳಗಿನ ಎರಡು ಬೋಲ್ಟ್, ಆಮೇಲೆ ಬಾನೆಟ್ ಒಳಗಿನ ಮೇಲಿನ ನಟ್‌ಗಳು. ಮೇಲಿನ ಕೊನೇ ನಟ್ ಬಿಚ್ಚುವಾಗ ಒಬ್ಬರು ಕೆಳಗೆ ಸ್ಟ್ರಟ್ ಹಿಡಿದಿರಲಿ. ಮಧ್ಯದ ದೊಡ್ಡ ನಟ್ ಮುಟ್ಟಬೇಡಿ, ಸ್ಪ್ರಿಂಗನ್ನು ಹಿಡಿದಿಟ್ಟಿರುವುದು ಅದೇ.

ಕಂಪ್ರೆಸರ್ ಇಲ್ಲದೆ ಆಗ್ತದಾ ಅಂದ್ರಿ. ಇಲ್ಲ. ಹಗ್ಗ ಕಟ್ಟಿ, ಕಾರಿನ ಭಾರದಿಂದಲೇ ಒತ್ತಿ ಬಿಚ್ಚುವ ಉಪಾಯಗಳನ್ನು ಯಾರಾದರೂ ಹೇಳಿದರೆ ಕೇಳ್ಬೇಡಿ. ಕಾರು 650 ಕೆಜಿಯ ಆಸುಪಾಸು, ಅರ್ಧಕ್ಕಿಂತ ಹೆಚ್ಚು ಭಾರ ಮುಂದೆ. ಹಾಗಾಗಿ ಒಂದೊಂದು ಮುಂದಿನ ಸ್ಪ್ರಿಂಗ್ ಎರಡು ಕ್ವಿಂಟಾಲಿನ ಹತ್ತಿರ ಹೊರ್ತದೆ. ಅಷ್ಟು ಬಲ ಅದರೊಳಗೆ ಕೂತಿದೆ. ಕೊಕ್ಕೆಯ ಕಂಪ್ರೆಸರ್ ಒಂದು ಜೊತೆ ಬಾಡಿಗೆಗೆ ಸಿಗ್ತದೆ, ಸಿಗದಿದ್ದರೆ ಸ್ಟ್ರಟ್ ಮತ್ತು ಹೊಸ ಪಾರ್ಟ್ ತಗೊಂಡು ಗ್ಯಾರೇಜಿಗೆ ಹೋಗಿ, ಅದನ್ನು ಮಾತ್ರ ಮಾಡಿಸಿಕೊಂಡು ಬನ್ನಿ. ನಾಚಿಕೆ ಪಡುವಂಥದ್ದು ಏನೂ ಇಲ್ಲ.

ನೀವೇ ಮಾಡುವುದಾದರೆ ಎರಡು ಕೊಕ್ಕೆ ಎದುರು ಬದುರಾಗಿ, ಆದಷ್ಟು ಹೆಚ್ಚು ಸುತ್ತುಗಳನ್ನು ಒಳಗೊಂಡು ಕೂರಲಿ. ಒಂದಕ್ಕೆ ಎರಡು ಸುತ್ತು, ಇನ್ನೊಂದಕ್ಕೆ ಎರಡು ಸುತ್ತು, ಹೀಗೆ ಸರದಿಯಲ್ಲಿ. ಇಂಪ್ಯಾಕ್ಟ್ ಗನ್ ಬೇಡ. ಸ್ಪ್ರಿಂಗ್ ಎರಡೂ ತಟ್ಟೆಯಿಂದ ಬಿಟ್ಟು ಕೈಯಲ್ಲಿ ಅಲ್ಲಾಡುವಷ್ಟು ಆದ ಮೇಲೆ ಮಧ್ಯದ ನಟ್. ಸ್ಟ್ರಟ್ಟಿನ ತುದಿ ಯಾರ ಕಡೆಗೂ ಮುಖ ಮಾಡಿರಬಾರದು. ನಟ್ ಜೊತೆ ರಾಡ್ ತಿರುಗಿದರೆ ಅದರ ತಲೆಯಲ್ಲಿ ಹಿಡಿಯಲು ಕೊಟ್ಟ ಜಾಗದಲ್ಲೇ ಹಿಡಿಯಿರಿ. ಹೊಳೆಯುವ ರಾಡಿಗೆ ಪ್ಲೈಯರ್ ಹಾಕಿದರೆ ಒಂದು ಗೀರು ಸಾಕು, ಪ್ರತಿ ಕುಲುಕಿಗೂ ಸೀಲು ಅದಕ್ಕೆ ಉಜ್ಜಿ ತಿಂಗಳೊಳಗೆ ಎಣ್ಣೆ ಸೋರ್ತದೆ.

ಹೊಸ ಸ್ಟ್ರಟ್ ಅಂಗಡಿಯಲ್ಲಿ ಮಲಗಿಸಿ ಇಟ್ಟಿರ್ತಾರೆ, ಒಳಗಿನ ಸಿಲಿಂಡರಿಗೆ ಗಾಳಿ ಸೇರಿರ್ತದೆ. ನೇರ ನಿಲ್ಲಿಸಿ ರಾಡನ್ನು ಪೂರ್ತಿ ಎಳೆದು ಪೂರ್ತಿ ಒತ್ತಿ, ನಾಲ್ಕೈದು ಸಲ. ಎಳೆತ ಒಂದೇ ಸಮ ಬಂದ ಮೇಲೆ ಹಾಕಿ. ಹಾಗೆ ಮಾಡದಿದ್ದರೆ ‘ಹೊಸ ಶಾಕೂ ಶಬ್ದ ಮಾಡ್ತದೆ’ ಅಂತ ಅಂಗಡಿಯವರ ಹತ್ತಿರ ಜಗಳ. ಸ್ಪ್ರಿಂಗಿನ ಕೆಳತುದಿ ತಟ್ಟೆಯ ಮೆಟ್ಟಿಲಿಗೆ ಸರಿಯಾಗಿ ತಾಗಿ ಕೂರಲಿ. ಬಂಪ್ ಸ್ಟಾಪ್, ಧೂಳಿನ ಬೂಟ್ ಮರೀಬೇಡಿ. ಹಳೇ ಕಾರುಗಳಲ್ಲಿ ಅವು ಪುಡಿಯಾಗಿ ಉದುರಿ ಹೋಗಿರ್ತವೆ, ಬಿಚ್ಚಿದವರಿಗೆ ಅಲ್ಲಿ ಒಂದು ಪಾರ್ಟ್ ಇತ್ತು ಎಂದೇ ಗೊತ್ತಾಗುವುದಿಲ್ಲ.

ಈಗ ಅರ್ಧಕ್ಕರ್ಧ ಗ್ಯಾರೇಜುಗಳು ತಪ್ಪುವ ಜಾಗ. ಲೋವರ್ ಆರ್ಮಿನ ಒಳಬುಷ್ಷಿನಲ್ಲಿ ರಬ್ಬರ್, ಒಳಗಿನ ಕಬ್ಬಿಣದ ಕೊಳವೆಗೆ ಅಂಟಿಕೊಂಡೇ ಇದೆ. ಬೋಲ್ಟ್ ಬಿಗಿದ ಮೇಲೆ ಕೊಳವೆ ತಿರುಗುವುದಿಲ್ಲ, ರಬ್ಬರ್ ಮಾತ್ರ ತಿರುಚಿಕೊಳ್ತದೆ. ಚಕ್ರ ನೇತಾಡುವಾಗ ಬಿಗಿದರೆ ಅದೇ ಅದರ ಆರಾಮದ ಸ್ಥಿತಿ ಆಗಿಬಿಡ್ತದೆ. ಕಾರು ಇಳಿಸಿದ ಕ್ಷಣದಿಂದ ರಬ್ಬರ್ ಇಡೀ ದಿನ ತಿರುಚಿಕೊಂಡೇ ಇರ್ಬೇಕು, ವರ್ಷ ತುಂಬುವ ಮೊದಲೇ ಹರೀತದೆ. ಹಾಗಾಗಿ ಒಳಬೋಲ್ಟ್, ಸ್ಟೆಬಿಲೈಸರಿನ ಕ್ಯಾಸಲ್ ನಟ್, ಬಾಡಿ ಕ್ಲಾಂಪ್ ಇವನ್ನು ಕೈಬಿಗಿ ಮಾಡಿ ಬಿಡಿ. ಕಾರಿನ ಭಾರ ಚಕ್ರದ ಮೇಲೆ ಬಂದ ನಂತರ ಪೂರ್ತಿ ಬಿಗಿ. ಅಡಿಗೆ ಹೋಗ್ಲಿಕ್ಕೆ ಜಾಗ ಇಲ್ಲದಿದ್ದರೆ ಬಾಲ್ ಜಾಯಿಂಟ್ ಹತ್ತಿರ ಆರ್ಮಿನ ಅಡಿಗೆ ಜಾಕ್ ಕೊಟ್ಟು, ಕಾರು ಸ್ಟ್ಯಾಂಡಿನಿಂದ ಏಳಲೋ ಬೇಡವೋ ಎನ್ನುವಷ್ಟು ಎತ್ತಿ ಬಿಗಿಯಿರಿ. ಒಂದಾದ ಮೇಲೆ ಇನ್ನೊಂದು ಬದಿ.

ಬಿಗಿಯ ಅಳತೆಗೆ ಸರ್ವಿಸ್ ಮ್ಯಾನುವಲ್ ಸಿಕ್ಕಿದರೆ ಅದರ ಅಂಕಿಯೇ ಕಡೆಯದು. ಸಾಮಾನ್ಯ ಲೆಕ್ಕದಲ್ಲಿ 12 ಮಿಮೀ ದಾರದ ಬೋಲ್ಟಿಗೆ 80 ನ್ಯೂಟನ್ ಮೀಟರ್, 10 ಮಿಮೀಗೆ 50ರ ಹತ್ತಿರ. ಟಾರ್ಕ್ ರೆಂಚ್ ಇಲ್ಲದವರಿಗೆ: 80 ಅಂದರೆ ಒಂದು ಅಡಿ ಉದ್ದದ ಸ್ಪ್ಯಾನರಿನ ತುದಿಯಲ್ಲಿ ಸುಮಾರು 27 ಕೆಜಿ ಎಳೆತ. ಕಾಲಿನಿಂದ ತುಳಿದು ಬಿಗಿಯುವವರು ಇದಕ್ಕಿಂತ ಎಷ್ಟೋ ಮುಂದೆ ಹೋಗಿರ್ತಾರೆ. ಕ್ಯಾಸಲ್ ನಟ್ಟಿನ ತೂತು ಹೊಂದದಿದ್ದರೆ ಮುಂದಿನ ತೂತಿಗೆ ಬಿಗಿಯಿರಿ. ಹಿಂದಕ್ಕೆ ಸಡಿಲ ಮಾಡಿ ಪಿನ್ ಹಾಕುವ ಅಭ್ಯಾಸ ಬೇಡ.

---

ಮಲ್ಪೆ ಉಪ್ಪುಗಾಳಿ

ಕ್ರಮ ಎಲ್ಲ ಸರಿ. ಆದರೆ ನಮ್ಮ ಕಡೆ ಅರ್ಧ ದಿನ ತಿನ್ನುವುದು ತುಕ್ಕು. ಅದನ್ನು ಯಾರೂ ಹೇಳ್ಲಿಲ್ಲ.

ಪಾರ್ಟಿಗೆ ದುಡ್ಡು ಹಾಕುವ ಮೊದಲು ಬಾನೆಟ್ ಎತ್ತಿ ಸ್ಟ್ರಟ್ ಕೂರುವ ಗೋಪುರದ ಸುತ್ತ, ಗಾಜಿನ ಬುಡದ ಕಡೆಗಿನ ಬೆಸುಗೆಯ ಸಾಲನ್ನು ನೋಡಿ. ಎಲೆ ಕಸ ಕೂತು ನೀರು ನಿಲ್ಲುವ ಜಾಗ ಅದು. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ: ಗಟ್ಟಿ ಕಬ್ಬಿಣ ‘ಟಣ್’ ಅಂತದೆ, ಕೊಳೆತದ್ದು ‘ಡಬ್’. ಪೈಂಟ್ ಉಬ್ಬಿದ್ದರೆ ಚುಚ್ಚಿ ನೋಡಿ. ತೂತು ಬಿದ್ದಿದ್ದರೆ ಟಿಂಕರ್ ಕೆಲಸ ಮೊದಲು, ಸ್ಟ್ರಟ್ ಆಮೇಲೆ. ಬರೀ ಪುಟ್ಟಿ ಮೆತ್ತಿ ಮುಚ್ಚಿದ ಗೋಪುರಕ್ಕೆ ಹೊಸ ಬಿಗಿ ಸ್ಟ್ರಟ್ ಹಾಕಿದರೆ ಮೌಂಟಿಂಗ್ ತಗಡನ್ನೇ ಹರಿದುಕೊಂಡು ಮೇಲೆ ಬರ್ತದೆ. ಹಾಗೆಯೇ ಬಾಗಿಲಿನ ಅಡಿಯ ಜಾಕ್ ಪಾಯಿಂಟ್ ಅಂಚೂ ತಟ್ಟಿ ನೋಡಿ, ಅದು ಒಳಗೆ ಕುಸಿದರೆ ಸ್ಟ್ಯಾಂಡ್ ಎಷ್ಟು ಗಟ್ಟಿ ಇದ್ದು ಏನು ಪ್ರಯೋಜನ?

ಬೋಲ್ಟುಗಳಿಗೆ ಎರಡು ದಿನ ಮೊದಲೇ ತಂತಿ ಬ್ರಷ್ ಹಾಕಿ, ಹೊರಗೆ ಕಾಣುವ ದಾರ ಸ್ವಚ್ಛ ಮಾಡಿ ತುಕ್ಕು ಬಿಡಿಸುವ ಸ್ಪ್ರೇ ಹೊಡೆಯಿರಿ, ಬೆಳಿಗ್ಗೆ ಸಂಜೆ. ಬಿಚ್ಚುವಾಗ ಮೊದಲು ಬಿಗಿಯುವ ದಿಕ್ಕಿಗೆ ಒಂದು ಸಣ್ಣ ಎಳೆತ, ‘ಕಟ್’ ಅಂದ ಮೇಲೆ ಬಿಚ್ಚುವ ದಿಕ್ಕಿಗೆ. ಆರು ಮೂಲೆಯ ಸಾಕೆಟ್ ಬಳಸಿ. ಹನ್ನೆರಡು ಮೂಲೆಯದ್ದು ತುಕ್ಕು ಹಿಡಿದ ತಲೆಯನ್ನು ಉರುಟು ಮಾಡ್ತದೆ. ಗ್ಯಾಸ್ ಬೆಂಕಿ ಕೊನೆಯ ದಾರಿ. ಸ್ಟ್ರಟ್ಟಿನ ಮೈಗಂತೂ ತೋರಿಸ್ಲೇಬೇಡಿ, ಒಳಗೆ ಮುಚ್ಚಿದ ಎಣ್ಣೆ ಉಂಟು, ಸಿಡೀತದೆ. ಬ್ರೇಕ್ ಹೋಸ್, ಬುಷ್ ಹತ್ತಿರವೂ ಬೇಡ.

ಕಡು ಕಷ್ಟ ಕೊಡುವುದು ಆರ್ಮಿನ ಒಳಬೋಲ್ಟ್. ಅದು ಬುಷ್ಷಿನ ಕೊಳವೆಯೊಳಗೆ ತುಕ್ಕಿನಿಂದ ಒಂದಾಗಿರ್ತದೆ. ಬೋಲ್ಟ್ ತಿರುಗ್ತದೆ, ಜೊತೆಗೆ ರಬ್ಬರೂ ತಿರುಗ್ತದೆ, ಹೊರಗೆ ಮಾತ್ರ ಬರುವುದಿಲ್ಲ. ಆರ್ಮ್ ಹೊಸತು ಹಾಕುವುದಾದರೆ ಒದ್ದಾಡ್ಬೇಡಿ, ಬುಷ್ ಮತ್ತು ಬ್ರಾಕೆಟ್ ನಡುವೆ ಹ್ಯಾಕ್ಸಾ ಬ್ಲೇಡ್ ಹಾಕಿ ಎರಡೂ ಬದಿ ಕೊಯ್ದುಬಿಡಿ. ಹಾಗಾಗಿ ಆ ಬೋಲ್ಟ್ ನಟ್ ಎರಡು ಜೊತೆ ಪಟ್ಟಿಗೆ ಸೇರಿಸಿಕೊಳ್ಳಿ. ಹೊಸದ್ದು ಹಾಕುವಾಗ ಬೋಲ್ಟಿನ ನಯವಾದ ಭಾಗಕ್ಕೆ ತೆಳ್ಳಗೆ ಗ್ರೀಸ್ ಬಳಿಯಿರಿ, ಮುಂದಿನ ಸಲಕ್ಕೆ ಉಪಕಾರ ಆಗ್ತದೆ. ದಾರಕ್ಕೆ ಹಚ್ಚಿದರೆ ಅದೇ ಟಾರ್ಕಿಗೆ ಬೋಲ್ಟ್ ಹೆಚ್ಚು ಎಳೆದುಕೊಳ್ತದೆ, ಅಲ್ಲಿ ಬೇಡ.

ಇನ್ನೊಂದು. ಮಳೆಗಾಲಕ್ಕೆ ಮೊದಲು ಅಡಿಗೆ ಹಳೇ ಇಂಜಿನ್ ಆಯಿಲ್ ಹೊಡೆಸುವ ಅಭ್ಯಾಸ ನಮ್ಮಲ್ಲಿ ಉಂಟಲ್ಲ, ತಗಡಿಗೆ ಒಳ್ಳೆಯದೇ ಇರಬಹುದು, ರಬ್ಬರಿಗೆ ವಿಷ. ಬುಷ್ ಉಬ್ಬಿ ಮೆತ್ತಗಾಗ್ತದೆ. ಹೊಡೆಸುವುದಾದರೆ ಬುಷ್, ಬೂಟ್‌ಗಳಿಗೆ ಪ್ಲಾಸ್ಟಿಕ್ ಕಟ್ಟಿ. ಬುಷ್ ಕೂರಿಸುವಾಗಲೂ ಗ್ರೀಸ್ ಬೇಡ, ಸಾಬೂನು ನೀರು ಸಾಕು. ಬಾರಿನ ಮೈಯ ತುಕ್ಕನ್ನು ಎಮ್ರಿ ಪೇಪರ್ ಹಾಕಿ ನುಣ್ಣಗೆ ಮಾಡಿದ ಮೇಲೆಯೇ ಬುಷ್ ಏರಿಸಿ.

ಪತ್ತನಾಜೆಯ (ಮೇ ಕೊನೆ, ಮಳೆಗಾಲದ ಮೊದಲು) ಒಳಗೆ ಮುಗಿಸಿಕೊಳ್ಳಿ. ಮತ್ತೆ ಅಂಗಳದಲ್ಲಿ ಮಲಗಿ ಕೆಲಸ ಮಾಡ್ಲಿಕ್ಕೆ ಅಕ್ಟೋಬರ್ ಬರ್ಬೇಕು.

---

ಕಾರ್ಕಳ_ಪದ್ಮಿನಿ

ನಡುವೆ ಬಾಯಿ ಹಾಕ್ತೇನೆ, ಕ್ಷಮಿಸಿ. ಇದೇ ಕ್ರಮ ಪ್ರೀಮಿಯರ್ ಪದ್ಮಿನಿಗೆ, ಅಂಬಾಸಿಡರಿಗೆ ಆಗ್ತದಾ? ಮನೆಯಲ್ಲಿ ಪದ್ಮಿನಿ, ಪಕ್ಕದ ಮನೆಯಲ್ಲಿ ಅಂಬಾಸಿಡರ್ ಉಂಟು.

---

ಹದಿನೇಳರ ಸ್ಪ್ಯಾನರ್

ಎರಡಕ್ಕೂ ಆಗುವುದಿಲ್ಲ. ಪದ್ಮಿನಿಗೆ ಮೇಲೊಂದು ಕೆಳಗೊಂದು ಆರ್ಮ್, ನಡುವೆ ಕಾಯಿಲ್ ಸ್ಪ್ರಿಂಗ್, ಚಕ್ರ ತಿರುಗುವುದು ಕಿಂಗ್‌ಪಿನ್ ಮೇಲೆ. ಅಲ್ಲಿ ಸ್ಪ್ರಿಂಗ್ ಆರ್ಮಿಗೆ ಒತ್ತಿಕೊಂಡೇ ಕೂತಿದೆ. 800ರಲ್ಲಿ ಸ್ಟ್ರಟ್ ಹೊರತೆಗೆದರೂ ಸ್ಪ್ರಿಂಗ್ ಅದರೊಳಗೇ ಬಂದಿ. ಪದ್ಮಿನಿಯಲ್ಲಿ ಸ್ಪ್ರಿಂಗ್ ಕಟ್ಟದೆ ಆರ್ಮ್ ಬಿಚ್ಚಿದರೆ ನೇರ ಹೊರಗೆ ಹಾರ್ತದೆ. ಕಿಂಗ್‌ಪಿನ್ ಕಿಟ್ ಹಾಕುವಾಗ ಹೊಸ ಬುಷ್ ಒತ್ತಿ ಕೂರಿಸಿ, ಪಿನ್ನಿನ ಅಳತೆಗೆ ರೀಮರ್ ಹಾಕ್ಬೇಕು. ಬುಷ್ಷಿನ ತೂತು ಗ್ರೀಸ್ ನಿಪ್ಪಲ್ಲಿನ ದಾರಿಗೆ ನೇರ ಬಾರದಿದ್ದರೆ ಎಷ್ಟು ಗ್ರೀಸ್ ಹೊಡೆದರೂ ಒಳಗೆ ಹೋಗುವುದಿಲ್ಲ. ಅದು ಲೇತಿನವರ ಕೆಲಸ: ನಿಮಗೆ ಮಣಿಪಾಲದ ಶಿವಳ್ಳಿ ಕೈಗಾರಿಕಾ ಪ್ರದೇಶ, ನಮಗೆ ಬೈಕಂಪಾಡಿ.

ಅಂಬಾಸಿಡರಿಗೆ ಮುಂದೆ ಕಾಯಿಲೇ ಇಲ್ಲ, ಉದ್ದಕ್ಕೆ ಮಲಗಿದ ಟಾರ್ಷನ್ ಬಾರ್. ತಿರುಚಿದ ಕಬ್ಬಿಣದ ಸರಳೇ ಸ್ಪ್ರಿಂಗ್. ಎಡದ್ದನ್ನು ಬಲಕ್ಕೆ ಹಾಕಬಾರದು, ಮೈಮೇಲೆ ಗೀರು ಬೀಳಿಸಬಾರದು, ಗೀರಿನಲ್ಲೇ ತುಂಡಾಗ್ತದೆ. ಅದಕ್ಕೆ ಬೇರೆಯೇ ಎಳೆ ತೆರೆಯಿರಿ, ಇಲ್ಲಿ ಬೆರೆಸುವುದು ಬೇಡ.

---

ಕಿನ್ನಿಮೂಲ್ಕಿ_800

ತುಂಬಾ ಉಪಕಾರ ಆಯ್ತು ಎಲ್ಲರಿಂದ. ಸ್ಟ್ಯಾಂಡ್ ತರ್ತೇನೆ, ಕೆಂಪು ಕಲ್ಲು ಬಾವಿಕಟ್ಟೆಗೇ ಇರಲಿ. ಲಿವರ್ ಹಾಕಿ ನೋಡಿದೆ, ಎಡ ಬುಷ್ ನೀವು ಹೇಳಿದ ಹಾಗೇ ಲೊಡ್ಡ ಲೊಡ್ಡ. ಗೋಪುರ ಗಟ್ಟಿ ಉಂಟು.

ಉಳಿದದ್ದು ಎರಡು. ಬರೀ ಬುಷ್ ಬದಲಿಸಿ ಹಳೇ ಆರ್ಮ್ ಇಟ್ಟುಕೊಂಡರೆ ಆಗ್ಲಿಕ್ಕಿಲ್ವಾ? ಮತ್ತೆ ಅಲೈನ್‌ಮೆಂಟ್ ಬಗ್ಗೆ ಯಾರೂ ಹೇಳ್ಲಿಲ್ಲ.

---

ಗ್ರೀಸ್ ಕೈ

ಬಾಲ್ ಜಾಯಿಂಟಿಗೆ ಆಟ ಇಲ್ಲ, ಅದರ ರಬ್ಬರ್ ಬೂಟ್ ಹರಿದಿಲ್ಲ, ಸ್ಟೆಬಿಲೈಸರ್ ಹಾಯುವ ತೂತು ಉದ್ದುರುಟು ಆಗಿಲ್ಲ ಅಂತಾದರೆ ಇಟ್ಟುಕೊಳ್ಳಬಹುದು. ಆ ತೂತು ನೋಡಲು ಮರೀಬೇಡಿ. ಬುಷ್ ಪೂರ್ತಿ ಸವೆದ ಮೇಲೂ ಓಡಿಸಿದ್ದರೆ ಬಾರು ಕಬ್ಬಿಣಕ್ಕೇ ಬಡಿದು ತೂತು ದೊಡ್ಡದಾಗಿರ್ತದೆ, ಅದಕ್ಕೆ ಹೊಸ ಬುಷ್ ಹಾಕಿದರೂ ಮೂರೇ ತಿಂಗಳು. ಬಾರಿನ ತುದಿಯಲ್ಲೂ ತೋಡು ಬಿದ್ದಿದೆಯಾ ಬೆರಳಾಡಿಸಿ ನೋಡಿ. ಬಾಲ್ ಜಾಯಿಂಟ್ ಆರ್ಮಿಗೇ ಸೇರಿದ್ದು. ಹೊರಗೆ ಒತ್ತಿ ತೆಗೆದು ಬೇರೆ ಹಾಕಿ ವೆಲ್ಡಿಂಗ್ ಮಾಡಿಕೊಡುವವರು ಇದ್ದಾರೆ, ಮಾಡಿಸ್ಬೇಡಿ. ವೆಲ್ಡಿಂಗ್ ಬಿಸಿಗೆ ಒಳಗಿನ ಗ್ರೀಸೂ ಸೀಟೂ ಸುಟ್ಟು ಹೋಗ್ತದೆ. ಜಾಯಿಂಟ್ ಕಳಚಿದರೆ ಚಕ್ರವೇ ಮಡಚಿ ಬೀಳ್ತದೆ. ಶಿರಾಡಿ ಘಾಟಿ ಇಳಿಯುವಾಗ ಹಾಗಾದರೆ ಯೋಚನೆ ಮಾಡಿ.

ಹಳೇ ಆರ್ಮಿಗೆ ಒಳಬುಷ್ ಮಾತ್ರ ಹಾಕುವುದಾದರೆ ವೈಸ್ ಸಾಕು. ಬುಷ್ಷಿನ ಹೊರಕವಚಕ್ಕೆ ಸಮನಾದ ಸಾಕೆಟ್ ಒಂದು ಬದಿ, ಅದು ಪೂರ್ತಿ ಒಳಹೋಗುವಷ್ಟು ದೊಡ್ಡ ಪೈಪ್ ತುಂಡು ಇನ್ನೊಂದು ಬದಿ, ನಡುವೆ ಆರ್ಮ್. ರಬ್ಬರನ್ನು ಬೆಂಕಿಯಲ್ಲಿ ಸುಟ್ಟು ತೆಗೆಯುವುದು ಬೇಡ, ಹೊಗೆ ಎದೆಗೆ ಕೆಟ್ಟದ್ದು, ಆರ್ಮಿನ ಪೈಂಟೂ ಹೋಗಿ ಆ ಜಾಗದಿಂದಲೇ ತುಕ್ಕು ಶುರು.

---

ಹದಿನೇಳರ ಸ್ಪ್ಯಾನರ್

ಅಲೈನ್‌ಮೆಂಟ್: ಈ ಕಾರಿನಲ್ಲಿ ಮುಂದೆ ಹೊಂದಿಸಲು ಬರುವುದು ಟೋ ಒಂದೇ. ಕ್ಯಾಂಬರ್ (ಚಕ್ರದ ಮೇಲ್ತುದಿ ಒಳಕ್ಕೋ ಹೊರಕ್ಕೋ ವಾಲಿದ ಕೋನ), ಕ್ಯಾಸ್ಟರ್ ಪಾರ್ಟು ಸರಿ ಇದ್ದರೆ ಸರಿ, ಇಲ್ಲದಿದ್ದರೆ ಇಲ್ಲ. ಕ್ಯಾಂಬರ್ ತಪ್ಪು ಬಂದರೆ ‘ಅಡ್ಜಸ್ಟ್ ಮಾಡ್ತೇವೆ’ ಅನ್ನುವವರು ಸ್ಟ್ರಟ್ಟಿನ ಕೆಳತೂತನ್ನು ಉಜ್ಜಿ ದೊಡ್ಡದು ಮಾಡ್ತಾರೆ. ಒಪ್ಪಬೇಡಿ. ಏನೋ ಬಗ್ಗಿದೆ ಎಂದೇ ಅರ್ಥ: ನಕಲ್, ಆರ್ಮ್, ಅಥವಾ ಗೋಪುರ.

ಅಂಗಡಿವರೆಗೆ ಹೋಗಲು ಮನೆಯಲ್ಲೇ ಮಾಡಬಹುದಾದ್ದು: ಸ್ಟೀರಿಂಗ್ ನೇರ ಇಟ್ಟು, ಕಾರನ್ನು ಹತ್ತು ಅಡಿ ಮುಂದೆ ಉರುಳಿಸಿ ನಿಲ್ಲಿಸಿ, ಹಿಂದಕ್ಕಲ್ಲ. ಜಾಕಿನಿಂದ ಇಳಿಸಿದ ಕೂಡಲೇ ಟಯರ್ ಒಳಮುಖ ಹಿಡಿದುಕೊಂಡಿರ್ತದೆ, ಉರುಳಿದ ಮೇಲೆಯೇ ಸರಿಯಾಗಿ ಕೂರ್ತದೆ. ಎರಡೂ ಮುಂದಿನ ಟಯರಿನ ನಡುಗೆರೆಗೆ ಚಾಕಿನಿಂದ ಗುರುತು ಹಾಕಿ, ಹಬ್ಬಿನ (ಚಕ್ರದ ನಡುಭಾಗದ) ಎತ್ತರದಲ್ಲಿ ಟಯರಿನ ಮುಂಬದಿಯ ಅಂತರ ಅಳೆಯಿರಿ. ಅದೇ ಗುರುತು ಹಿಂಬದಿಗೆ ಬರುವಷ್ಟು ಕಾರು ಉರುಳಿಸಿ ಪುನಃ ಅಳೆಯಿರಿ. ಎರಡೂ ಒಂದೇ, ಇಲ್ಲದಿದ್ದರೆ ಮುಂದಿನದ್ದು ಒಂದೆರಡು ಮಿಮೀ ಕಡಿಮೆ ಇದ್ದರೆ ಓಡಿಸಬಹುದು. ಹತ್ತು ಮಿಮೀ ತಪ್ಪಿದ್ದರೆ ಉಡುಪಿಯಿಂದ ಮಂಗಳೂರಿಗೆ ಬರುವಷ್ಟರಲ್ಲಿ ಟಯರ್ ಗರಗಸದ ಹಾಗೆ ಆಗಿರ್ತದೆ.

ತಿದ್ದುವಾಗ ಎರಡೂ ಟೈ ರಾಡನ್ನು ಸಮ ಸಮ ತಿರುಗಿಸಿ, ಒಂದನ್ನೇ ತಿರುಗಿಸಿದರೆ ಸ್ಟೀರಿಂಗ್ ಓರೆ ನಿಲ್ತದೆ. ರ‍್ಯಾಕ್ ಬೂಟಿನ ಹೊರಗಿನ ಕ್ಲಿಪ್ ಮೊದಲು ಸಡಿಲ ಮಾಡಿ, ಇಲ್ಲದಿದ್ದರೆ ಬೂಟ್ ರಾಡಿನೊಟ್ಟಿಗೆ ತಿರುಚಿ ಹರೀತದೆ, ಮಳೆನೀರು ರ‍್ಯಾಕಿನೊಳಗೆ. ಅಲೈನ್‌ಮೆಂಟಿಗೆ ಹೋಗುವ ಮೊದಲು ಟಯರ್ ಗಾಳಿ ನಾಲ್ಕಕ್ಕೂ ಸರಿ ಇರಲಿ, ಡಿಕ್ಕಿಯಲ್ಲಿ ಸಾಮಾನು ಬೇಡ. ಒಂದೆರಡು ದಿನ ಓಡಿಸಿ ಹೊಸ ಬುಷ್ ಕೂತ ಮೇಲೆ ಮಾಡಿಸಿದರೆ ಇನ್ನೂ ಒಳ್ಳೆಯದು.

ಎಡ ಟಯರಿನ ಒಳಅಂಚು ಸವೆದದ್ದು ಆ ಬುಷ್ಷಿನಿಂದಲೇ ಇರಬಹುದು. ಅದನ್ನು ಹಿಂದಕ್ಕೆ ಹಾಕಿ, ಹಿಂದಿನ ಒಳ್ಳೆಯದ್ದನ್ನು ಮುಂದೆ ತನ್ನಿ. ಸವೆದ ಟಯರ್ ಮುಂದೆಯೇ ಇದ್ದರೆ ಎಲ್ಲ ಹೊಸತು ಮಾಡಿದ ಮೇಲೂ ಕಾರು ಎಳೀತದೆ, ಆಗ ಬಿಚ್ಚಿದ್ದನ್ನೆಲ್ಲ ಪುನಃ ಬಿಚ್ಚುವ ಹುಚ್ಚು ಹಿಡೀತದೆ.

---

ಮಲ್ಪೆ ಉಪ್ಪುಗಾಳಿ

ಚಕ್ರದ ನಟ್‌ಗಳನ್ನು 50 ಕಿಮೀ ಆದ ಮೇಲೆ, ಉಳಿದ ಬೋಲ್ಟುಗಳನ್ನು 300 ಕಿಮೀ ಆದ ಮೇಲೆ ಇನ್ನೊಮ್ಮೆ ಸ್ಪ್ಯಾನರ್ ಹಾಕಿ ನೋಡಿ. ಆರ್ಮಿನ ಒಳಬೋಲ್ಟ್ ನೋಡುವಾಗ ಕಾರು ನೆಲದ ಮೇಲೇ ಇರಲಿ.